ಸಹಾಯ ಬೇಕು: ಹೊಸ ಡ್ರೈವರ್‌ಗಳಿಗೆ ಏರ್ ಬ್ರೇಕ್ ತಪಾಸಣೆ ಕಲಿಸುವ ಬಗ್ಗೆ

ಕಂಪನಿಗೆ ಹೊಸದಾಗಿ ಸೇರುವ ಡ್ರೈವರ್‌ಗಳಿಗೆ ಗಾಡಿ ಹೊರಡುವ ಮುಂಚಿನ ತಪಾಸಣೆ ಹೇಳಿಕೊಡುತ್ತಿದ್ದೇವೆ. ಟೈರು, ಲೈಟು, ಆಯಿಲ್ ಎಲ್ಲರೂ ಬೇಗ ಕಲಿಯುತ್ತಾರೆ. ತೊಡಕಿರುವುದು ಬ್ರೇಕಿನ ಗಾಳಿಯದ್ದು.

ಈಗ ಕಲಿಸುವ ಕ್ರಮ: ಸಮತಟ್ಟು ಜಾಗದಲ್ಲಿ ಚಕ್ರಗಳಿಗೆ ಅಡ್ಡ ಕೊಟ್ಟು, ಗಾಳಿ ಪೂರ್ತಿ ತುಂಬಿಸಿ ಎಂಜಿನ್ ಆಫ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಡಬೇಕು. ಪೆಡಲ್ ಗಟ್ಟಿಯಾಗಿ ಒತ್ತಿದ ಕೂಡಲೇ ಗೇಜಿನ ಮುಳ್ಳು ಸ್ವಲ್ಪ ಇಳಿಯುವುದು ಸಹಜ. ಚಕ್ರಗಳ ಬಳಿ ಬ್ರೇಕ್ ಹಿಡಿಸುವ ಚೇಂಬರ್‌ಗಳಿಗೆ ಗಾಳಿ ಹೋಗುತ್ತದೆ. ಹೊಸಬರು ಇದನ್ನೇ ಲೀಕ್ ಅಂದುಕೊಳ್ಳುತ್ತಾರೆ. ಮುಳ್ಳು ನಿಂತ ಮೇಲೆ ಒಂದು ನಿಮಿಷ ಪೆಡಲ್ ಬಿಡದೆ, ಮತ್ತೆ ಇಳಿಯುತ್ತದೆಯೇ ಎಂದು ನೋಡಬೇಕು. ಪೆಡಲ್ ಒತ್ತಿ ಹಿಡಿದಾಗ ಮಾತ್ರ ಹೀಗೆ ಇಳಿಯುತ್ತಲೇ ಇದ್ದರೆ ಮೊದಲ ಅನುಮಾನ ಸರ್ವಿಸ್ ಚೇಂಬರಿನ (ಪೆಡಲ್ ಒತ್ತಿದಾಗ ಗಾಳಿ ತುಂಬುವ ಚೇಂಬರ್) ಡಯಾಫ್ರಮ್, ಅಂದರೆ ಒಳಗಿನ ರಬ್ಬರ್ ಪೊರೆ, ಅಥವಾ ಅದರ ಹೋಸ್ ಮೇಲೆ. ಕೊನೆಗೆ ಪೆಡಲ್ ಪದೇ ಪದೇ ಒತ್ತಿ ಗಾಳಿ ಇಳಿಸಿ, ವಾರ್ನಿಂಗ್ ಬಜರ್ ಕೂಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು. ಬಜರ್ ಕೆಟ್ಟಿರುವ ಗಾಡಿ ರಸ್ತೆಗೆ ಇಳಿಯಲೇಬಾರದು.

ಸೋರಿಕೆ ಎಲ್ಲಿದೆ ಎಂದು ಹುಡುಕುವಾಗ ಪೆಡಲ್ ಒತ್ತಿ ಹಿಡಿಯಲು ಒಬ್ಬರು, ಕೆಳಗೆ ಸೋಪಿನ ನೀರು ಹಾಕಿ ಗುಳ್ಳೆ ನೋಡಲು ಇನ್ನೊಬ್ಬರು ಬೇಕು. ಒಬ್ಬನೇ ಡ್ರೈವರ್ ಇದ್ದಾಗ ಪೆಡಲನ್ನು ಸುರಕ್ಷಿತವಾಗಿ ಒತ್ತಿ ನಿಲ್ಲಿಸಲು ನೀವು ಏನು ಬಳಸುತ್ತೀರಿ? ಕೋಲು ಕೊಟ್ಟರೆ ಜಾರುತ್ತದೆ. ಅಕ್ಕಪಕ್ಕ ಎಂಜಿನ್‌ಗಳ ಸದ್ದಿರುವ ಯಾರ್ಡ್‌ನಲ್ಲಿ ಸಣ್ಣ ಸೋರಿಕೆ ಹಿಡಿಯುವ ಉಪಾಯವಿದ್ದರೂ ದಯವಿಟ್ಟು ತಿಳಿಸಿ.