ಒಮಾಹಾದಲ್ಲಿ ಫ್ಲಾಪ್‌ಗೆ ಮುಂಚಿನ ರೇಸ್: ಎಷ್ಟು, ಯಾವ ಎಲೆಗೆ?

ಹೊಸ_ಕೈ
ಪೋಕರ್‌ನಲ್ಲಿ ಹೋಲ್ಡೆಮ್ (ಕೈಗೆ ಎರಡು ಎಲೆ) ಚೆನ್ನಾಗಿ ಗೊತ್ತು, ಪಾಟ್-ಲಿಮಿಟ್ ಒಮಾಹಾ (ಕೈಗೆ ನಾಲ್ಕು ಎಲೆ, ಏರಿಕೆಗೆ ಮಿತಿ ಪಾಟ್, ಅಂದರೆ ಮಧ್ಯೆ ಸೇರಿದ ಚಿಪ್) ಹೊಸದು. ಉಚಿತ ಚಿಪ್‌ಗಳ ಅಭ್ಯಾಸದ ಟೇಬಲ್, ಆರು ಜನ, ಬ್ಲೈಂಡ್ 5/10 (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಚಿಪ್: ಸ್ಮಾಲ್ 5, ಬಿಗ್ 10), ಎಲ್ಲರ ಹತ್ತಿರ 1000. ಫ್ಲಾಪ್‌ಗೆ (ಟೇಬಲ್ ಮೇಲೆ ಮೊದಲು ತೆರೆಯುವ ಮೂರು ಎಲೆಗೆ) ಮುಂಚೆ ಮೊದಲು ರೇಸ್ ಮಾಡುವಾಗ, ಅಂದರೆ ಬೆಟ್ ಏರಿಸುವಾಗ, ‘ಪಾಟ್’ ಒತ್ತಿದರೆ 35 ಅಂತ ತೋರಿಸುತ್ತೆ, ಆ ಲೆಕ್ಕ ಹೇಗೆ? ನಾಲ್ಕು ಎಲೆಯಲ್ಲಿ ಏನು ನೋಡಿ ರೇಸ್ ಮಾಡಬೇಕು? ಎರಡು ಎಕ್ಕ ಬಂದರೆ ಪ್ರತಿ ಸಲವೂ ಪೂರ್ತಿ ಏರಿಸಬೇಕಾ?

ಕಳಾವರ10
ಲೆಕ್ಕದಿಂದ ಶುರು ಮಾಡೋಣ. ಕೊನೆಯ ಬೆಟ್‌ನ ಮೂರು ಪಟ್ಟು, ಅದಕ್ಕೆ ಬೇರೆಯವರು ಹಾಕಿರುವ ಉಳಿದ ಚಿಪ್ ಸೇರಿಸಿ. ಬಿಗ್ ಬ್ಲೈಂಡ್ 10ರ ಮೂರು ಪಟ್ಟು 30, ಸ್ಮಾಲ್ ಬ್ಲೈಂಡಿನ 5, ಒಟ್ಟು 35. ಒಬ್ಬ ಬರೀ ಕಾಲ್ ಮಾಡಿ (ಏರಿಸದೆ ಅಷ್ಟೇ ಚಿಪ್ ಹಾಕಿ) ಒಳಗೆ ಬಂದಿದ್ದರೆ 45, ಇಬ್ಬರಾದರೆ 55. ಯಾರೋ 35 ಮಾಡಿದ ಮೇಲೆ ನೀವು ಬಟನ್‌ನಿಂದ (ಹಂಚುವವರ ಸೀಟು, ಫ್ಲಾಪ್ ಆದ ಮೇಲೆ ಕೊನೆಗೆ ಮಾತಾಡುವುದು) ಮತ್ತೆ ಏರಿಸಿದರೆ 105 + 15 = 120. ಮಧ್ಯೆ ಒಬ್ಬ ಕಾಲ್ ಮಾಡಿದ್ದರೆ 155.

ಮೊದಲಿಗರಾಗಿ ಒಳಗೆ ಬರುವುದಾದರೆ ರೇಸ್ ಮಾಡಿಯೇ ಬನ್ನಿ, ಮೊತ್ತ ಯಾವಾಗಲೂ ಒಂದೇ ಇರಲಿ. ಒಳ್ಳೆ ಎಲೆಗೆ 35, ಸಾಧಾರಣಕ್ಕೆ 25 ಅಂತ ಬದಲಾಯಿಸಿದರೆ ಗಮನ ಇಟ್ಟು ಆಡುವವರು ಅರ್ಧ ಗಂಟೆಯಲ್ಲಿ ಹಿಡಿದುಬಿಡುತ್ತಾರೆ.

ಜೋಡಿ_ಬಣ್ಣ
ಇನ್ನು ಎಲೆಗಳ ವಿಚಾರ. ಕೈಯಿಂದ ಎರಡೇ ಎಲೆ, ಬೋರ್ಡಿನಿಂದ (ಟೇಬಲ್ ಮೇಲೆ ಎಲ್ಲರಿಗೂ ತೆರೆದ ಎಲೆಗಳಿಂದ) ಮೂರೇ ಎಲೆ ಬಳಸಬೇಕು ಅನ್ನುವ ನಿಯಮದಿಂದಲೇ ಎಲ್ಲ ಹುಟ್ಟುತ್ತದೆ. ನಾಲ್ಕು ಎಲೆಯಲ್ಲಿ ಆರು ಜೋಡಿಗಳಿವೆ. ರಾಜ-ರಾಣಿ-ಗುಲಾಮ-4 ನೋಡಲು ಚೆಂದ, ಆದರೆ 4 ಯಾರಿಗೂ ಹೊಂದುವುದಿಲ್ಲ. ಆರರಲ್ಲಿ ಮೂರು ಜೋಡಿ ಹೆಚ್ಚುಕಡಿಮೆ ಸತ್ತ ಹಾಗೆ.

ಹೊಂದಿಕೊಂಡ ಕೈಯ ಬಲ ಎಷ್ಟು ಅಂತ ನೋಡಿ: ಗುಲಾಮ-10-7-6 ಹಿಡಿದಾಗ ಫ್ಲಾಪ್ 9-8-2 ಬಂದರೆ ರಾಣಿ, ಗುಲಾಮ, 10, 7, 6, 5 ಯಾವುದು ಬಿದ್ದರೂ ಸ್ಟ್ರೇಟ್ (ಸಾಲಾಗಿ ಐದು ಎಲೆ). ಒಟ್ಟು 20 ಎಲೆ! ಹೋಲ್ಡೆಮ್‌ನಲ್ಲಿ ಎರಡೂ ಕಡೆ ತೆರೆದ ಡ್ರಾಗೆ (ಸ್ಟ್ರೇಟ್‌ಗೆ ಒಂದೇ ಎಲೆ ಬಾಕಿ) ಸಿಗುವುದು 8.

ಸಾಲಿನಲ್ಲಿ ಖಾಲಿ ಜಾಗ ಇದ್ದರೆ ಅದು ಕೆಳಗಿರಲಿ. ಗುಲಾಮ-10-9-7 ಆಡಿ, ಗುಲಾಮ-9-8-7 ಅಷ್ಟಕ್ಕಷ್ಟೆ, ಏಕೆಂದರೆ ಎರಡನೆಯದು ಕಟ್ಟುವ ಸ್ಟ್ರೇಟ್‌ಗೆ ಮೇಲಿನದು ಇನ್ನೊಬ್ಬರ ಹತ್ತಿರ ಇರುವ ಸಂಭವ ಜಾಸ್ತಿ. ಎರಡು ಇಸ್ಪೀಟು, ಎರಡು ಆಟೀನು ಹೀಗೆ ಜೋಡಿ ಬಣ್ಣ ಇದ್ದರೆ ಬೆಲೆ ಏರುತ್ತದೆ. ಅದೇ ಒಂದೇ ಬಣ್ಣದ ಮೂರು ಎಲೆ ಇದ್ದರೆ ಒಂದೇ ಬಣ್ಣದ ಐದು ಎಲೆ ಕಟ್ಟಲು ನಿಮಗೆ ಬೇಕಾದ ಒಂದು ಎಲೆಯನ್ನು ನೀವೇ ಬಚ್ಚಿಟ್ಟ ಹಾಗೆ. ಮೂರು ಎಂಟು ಬಂದ ಕೈಯನ್ನು ಎಸೆಯಿರಿ.

ಮೊದಲ ಸೀಟಿನಲ್ಲಿ ಐದಕ್ಕೆ ಒಂದು ಕೈ, ಬಟನ್‌ನಲ್ಲಿ ಎರಡಕ್ಕೆ ಒಂದರ ಹತ್ತಿರ ಆಡಿದರೆ ಸಾಕು. ಸ್ಮಾಲ್ ಬ್ಲೈಂಡಿನಲ್ಲಿ ಮಾತ್ರ ಕೈ ಬಿಗಿ ಇರಲಿ. ಫ್ಲಾಪ್ ಆದ ಮೇಲೆ ಪ್ರತಿ ಸುತ್ತಿಗೂ ಮೊದಲು ಮಾತಾಡಬೇಕಾದವರು ನೀವೇ.

ನಟ್_ಮಾತ್ರ
ಎಕ್ಕದ ಪ್ರಶ್ನೆಗೆ ನೇರ ಉತ್ತರ: ಮೊದಲ ರೇಸ್ ಸರಿ, ಆಮೇಲಿನದು ಎಷ್ಟು ಚಿಪ್ ಒಳಗೆ ಹೋಗುತ್ತದೆ ಅನ್ನುವುದರ ಮೇಲೆ. ಎಕ್ಕ-ಎಕ್ಕ-7-2, ನಾಲ್ಕೂ ಬೇರೆ ಬಣ್ಣ ಅಂತಿಟ್ಟುಕೊಳ್ಳಿ. ಫ್ಲಾಪ್‌ನಲ್ಲಿ ಇನ್ನೊಂದು ಎಕ್ಕ ಬರುವುದು ಸುಮಾರು 12%. ಉಳಿದಂತೆ ಹೆಚ್ಚಾಗಿ ಒಂದು ಒಣ ಜೋಡಿ. ಯಾರೋ 35 ಮಾಡಿದ ಮೇಲೆ ನೀವು ಬ್ಲೈಂಡಿನಿಂದ 110-115 ಮಾಡಿ ಕಾಲ್ ಬಂದರೆ ಇನ್ನೂ ಸುಮಾರು 885 ಹಿಂದಿದೆ, ಪಾಟ್ 230ರ ಆಸುಪಾಸು. ನಿಮ್ಮ ಕೈ ಏನೆಂದು ಎದುರಿನವರಿಗೆ ಗೊತ್ತು, ಅವರದು ನಿಮಗೆ ಗೊತ್ತಿಲ್ಲ. ಅಲ್ಲಿ ಕಾಲ್ ಸಾಕು.

ಅದೇ ನೀವು 35 ಮಾಡಿ ಬಟನ್ 120 ಮಾಡಿದರೆ ಕಥೆಯೇ ಬೇರೆ. ನಿಮ್ಮ ಪೂರ್ತಿ ಏರಿಕೆ 375. ಕಾಲ್ ಬಂದರೆ ಪಾಟ್ 765, ಹಿಂದೆ 625 ಮಾತ್ರ. ಬಹುಪಾಲು ಫ್ಲಾಪ್‌ಗಳಲ್ಲಿ ಉಳಿದದ್ದನ್ನೂ ನೂಕಬಹುದು. ಎಲ್ಲರ ಹತ್ತಿರ 3000 ಇದ್ದರೆ ಹಿಂದೆ 2625 ಉಳಿಯುತ್ತದೆ, ಆಗ ಇಂಥ ಬಡ ಎಕ್ಕಕ್ಕೆ ಅದು ದುಬಾರಿ. ಬಣ್ಣ ಕೂಡಿದ ಎಕ್ಕ-ಎಕ್ಕ-ಗುಲಾಮ-10 ಆದರೆ ಎರಡು ಕಡೆಯೂ ಧೈರ್ಯವಾಗಿ ಏರಿಸಿ.

ಹೊಸ_ಕೈ
ಥ್ಯಾಂಕ್ಸ್. ಬಿಗ್ ಬ್ಲೈಂಡಿನಿಂದ ನನ್ನ ಲೆಕ್ಕ 120 ಬಂತು, ನೀವು 110 ಅಂತೀರಿ?

ಕಳಾವರ10
ನಿಮ್ಮದೇ 10ನ್ನು ‘ಉಳಿದ ಚಿಪ್’ಗೆ ಸೇರಿಸಿದ್ದೀರಿ, ಅದನ್ನು ಬಿಡಬೇಕು. 105 + ಸ್ಮಾಲ್ ಬ್ಲೈಂಡಿನ 5 = 110. ಸ್ಮಾಲ್ ಬ್ಲೈಂಡಿನಲ್ಲಿ ಕೂತಿದ್ದರೆ 105 + 10 = 115.