ಪಂಪ್ ಹೊಸದಾಯಿತು, ಇನ್ನು ನೀರಿನ ಕಡೆ ನೋಡು

ತಮ್ಮಾ, ನಿನ್ನ ಮೆಸೇಜ್ ಈಗ ನೋಡಿದೆ. ಕೊಲ್ಹಾರ ಸೇತುವೆ ದಾಟಿದ ಮೇಲೆ ಗಾಡಿ ಹೀಟ್ ಆಗಿದ್ದು, ವಿಜಯಪುರಕ್ಕೆ ಎಳೆಸಿಕೊಂಡು ಬಂದು ಇಂಜಿನ್ ತಂಪಾಗಿಡೋ ನೀರನ್ನು ತಿರುಗಿಸುವ ವಾಟರ್ ಪಂಪ್ ಹೊಸದು ಹಾಕಿಸಿದ್ದು, ಎಲ್ಲಾ ಓದಿದೆ. ಹೀಟ್ ಮೀಟರಿನ ಮುಳ್ಳು ಏರಿದ ಕೂಡಲೇ ಇಂಜಿನ್ ಬಂದ್ ಮಾಡಿದೆಯಲ್ಲ, ಅದು ಬಹಳ ಒಳ್ಳೇದಾಯ್ತು. "ಪಂಪ್ ಹಾಕಿಸಾಯ್ತು ಕಾಕಾ, ಇನ್ನೇನೂ ನೋಡೋದು ಬೇಡ ಅಲ್ವಾ" ಅಂತ ಕೇಳಿದ್ದೀಯ. ಬೇಕು. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದು.

ಮೊದಲು ಹಳೆ ಪಂಪ್ ಗ್ಯಾರೇಜಿನಲ್ಲೇ ಬಿದ್ದಿದ್ದರೆ ಇಸ್ಕೊಂಡು ಬಾ. ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಗೊತ್ತಾಗುತ್ತೆ. ಪುಲ್ಲಿ ಲಟಪಟ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಪಂಪಿನ ಮೈಯಲ್ಲಿ ಒಂದು ಸಣ್ಣ ತೂತು ಇರುತ್ತೆ. ಒಳಗಿನ ಸೀಲ್ ಹೋದರೆ ನೀರು ಅಲ್ಲಿಂದ ಹನಿಯಲಿ ಅಂತಲೇ ಬಿಟ್ಟಿರುತ್ತಾರೆ. ಅದರ ಸುತ್ತ ಒಣಗಿದ ಕಲೆ, ಪುಡಿ ಅಂಟಿದ್ದರೆ ಬಹಳ ದಿನದಿಂದ ಸೋರುತ್ತಿತ್ತು ಅಂತ ಅರ್ಥ. ಆಮೇಲೆ ಇಂಪೆಲ್ಲರ್, ಅಂದ್ರೆ ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ, ನೋಡು. ರೆಕ್ಕೆ ತುಕ್ಕು ತಿಂದು ಸವೆದಿದ್ದರೆ ಒಳಗೆ ಹಾಕಿದ ನೀರು ಸರಿ ಇರಲಿಲ್ಲ. ಪ್ಲಾಸ್ಟಿಕ್ ರೆಕ್ಕೆ ಮುರಿದಿದ್ದರೆ ಚೂರು ಒಳಗೇ ಎಲ್ಲೋ ಕೂತಿರುತ್ತೆ, ನೀರು ಹಾಯಿಸಿ ಒಳಗೆಲ್ಲ ತೊಳೆಸದೆ (ಫ್ಲಶ್) ಬಿಡಬೇಡ.

ನನಗೆ ನಿಜವಾದ ಚಿಂತೆ ನೀರಿನದು. ನಮ್ಮ ಕಡೆ ಬೋರಿನ ನೀರು ಎಂಥ ಗಡಸು ಅಂತ ಗೀಸರ್ ಬಿಚ್ಚಿದವರಿಗೆಲ್ಲ ಗೊತ್ತು. ಅದೇ ಬಿಳಿ ಪದರು, ಬಿಸಿ ನೀರನ್ನು ತಣಿಸುವ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಕೂತರೆ ಪಂಪ್ ಎಷ್ಟು ಹೊಸದಿದ್ದರೂ ಗಾಡಿ ಹೀಟ್ ಆಗುತ್ತೆ. ಉಪ್ಪಿನ ಅಂಶ ಅಲ್ಯೂಮಿನಿಯಂ ಅನ್ನೂ ತಿನ್ನುತ್ತೆ. ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟ್, ಅಂದ್ರೆ ಇಂಜಿನ್ ತಂಪಾಗಿಡೋಕೆ ಹಾಕುವ ದ್ರವ, ತಗೋ. ಗಟ್ಟಿ ಕೂಲಂಟ್ ಆದರೆ ಸಾಮಾನ್ಯವಾಗಿ ಅರ್ಧ ಅದು, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ರೆಡಿ ಮಿಕ್ಸ್ ಆದರೆ ನೀರೇ ಬೇಡ. ಬರೀ ಬಣ್ಣ ನೋಡಿ ಬೇರೆ ಜಾತಿಯ ಕೂಲಂಟ್ ಬೆರೆಸಬೇಡ, ಕೆಲವು ಸೇರಿದರೆ ಒಳಗೆ ಲೋಳೆ ಕಟ್ಟುತ್ತೆ. "ಇಲ್ಲಿ ಹಿಮ ಬೀಳಲ್ಲ, ಕೂಲಂಟ್ ಯಾಕೆ" ಅಂತ ಮಾಮಾ ಗ್ರೂಪಿನಲ್ಲಿ ಬರೆದಿದ್ದಾರೆ. ಮಾಮಾ, ಬರೀ ನೀರು 100 ಡಿಗ್ರಿಗೆ ಕುದಿಯುತ್ತೆ. ಅರ್ಧಕ್ಕರ್ಧ ಮಿಶ್ರಣ ಸುಮಾರು 107ರ ತನಕ ತಡೆಯುತ್ತೆ. ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡ ಸೇರಿದರೆ ಇನ್ನೂ ಮೇಲೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೇ ಅದು ಜಾಸ್ತಿ ಬೇಕು. ಅದರಲ್ಲಿ ತುಕ್ಕು ತಡೆಯುವ ಔಷಧಿಯೂ ಇರುತ್ತೆ.

ಹಾಗೇ ಆ ಮುಚ್ಚಳವನ್ನೂ ಬದಲಾಯಿಸು. ಅದರ ರಬ್ಬರ್ ಗಟ್ಟಿಯಾದರೆ ಒತ್ತಡ ನಿಲ್ಲಲ್ಲ. ಹೋಸ್ ಪೈಪುಗಳನ್ನು ಗಾಡಿ ತಣ್ಣಗಿದ್ದಾಗ ಒತ್ತಿ ನೋಡು. ಮೆತ್ತಗೆ ಉಬ್ಬಿದ್ದರೆ, ಸೀಳಿದ್ದರೆ ತೆಗೆಸು.

ಥರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ತೆಗೆದು ಬಿಟ್ಟಿದ್ದಾರಾ ಅಂತ ಮೆಕ್ಯಾನಿಕ್ಕನ್ನು ಕೇಳು. "ಬಿಸಿಲ ಊರಿಗೆ ಅದು ಬೇಡ" ಅಂತ ಎಷ್ಟೋ ಕಡೆ ತೆಗೆದು ಎಸೆಯುತ್ತಾರೆ. ತಪ್ಪು. ಇಂಜಿನ್ ಸರಿಯಾದ ಬಿಸಿಗೆ ಬರಲ್ಲ, ಪೆಟ್ರೋಲ್ ಜಾಸ್ತಿ ತಿನ್ನುತ್ತೆ, ಬೇಗ ಸವೆಯುತ್ತೆ. ಹೊಸದು ಹಾಕಿಸು. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕುವ ಉಪಾಯ ಯಾರಾದರೂ ಹೇಳಿದರೆ ಬೇಡ ಅನ್ನು. ಅದು ತೂತು ಮುಚ್ಚಿದ ಹಾಗೇ ನಳಿಗೆಯನ್ನೂ ಮುಚ್ಚುತ್ತೆ.

ಪಂಪ್ ಹಾಕಿ ನೀರು ತುಂಬಿದ ಮೇಲೆ ಒಳಗಿನ ಗಾಳಿ ತೆಗೆದಿದ್ದಾರೋ ಇಲ್ಲವೋ ಅದೂ ಮುಖ್ಯ. ಒಳಗೆ ಗಾಳಿ ಗುಳ್ಳೆ ಉಳಿದರೆ ಒಂದೇ ಕಡೆ ಹೀಟ್ ಆಗುತ್ತೆ. ಸೆನ್ಸರ್ ನೀರಲ್ಲಿ ಮುಳುಗದಿದ್ದರೆ ಮುಳ್ಳು ಸುಳ್ಳು ಹೇಳುತ್ತೆ. ಅದಕ್ಕೆ ಮುಳ್ಳನ್ನೇ ನಂಬದೆ ಈ ವಾರ ದಿನಾ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಕೂಲಂಟ್ ಡಬ್ಬಿಯಲ್ಲಿ ಮಟ್ಟ ಯಾವ ಗೆರೆಗಿದೆ ನೋಡು. ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡ, ಮುಖಕ್ಕೇ ಎರಚುತ್ತೆ. ಸೋರಿಕೆ ಕಾಣದೆ ಮಟ್ಟ ಇಳಿಯುತ್ತಿದ್ದರೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಭಾಗದ ಸಂದು ಮುಚ್ಚುವ ಪದರು) ಹೋಗಿರಬಹುದು. ಆಗ ಗಾಡಿ ತೆಗೆಯಲೇ ಬೇಡ.

ಇನ್ನೊಂದು, ಹಳೆ ಕೂಲಂಟ್ ಅಂಗಳದಲ್ಲಿ ಚೆಲ್ಲಬೇಡ. ಸಿಹಿ ಇರುತ್ತೆ, ಆದರೆ ವಿಷ. ಮಕ್ಕಳು, ನಾಯಿ ಓಡಾಡುವ ಜಾಗ ಅದು. ಅವ್ವನನ್ನು ಬಾಗಲಕೋಟೆಗೆ ಕರ್ಕೊಂಡು ಹೋಗೋದಕ್ಕೆ ಮುಂಚೆ ಡಬ್ಬಿದು, ಆಯಿಲ್ ಕಡ್ಡಿದು ಫೋಟೋ ಇಲ್ಲೇ ಹಾಕು, ನಾನು ನೋಡಿ ಹೇಳ್ತೀನಿ.