ಅಪಾರ್ಟೈಡ್: ‘ವರ್ಣಭೇದ ನೀತಿ’ ಎಲ್ಲೆಡೆ ಸಲ್ಲುತ್ತದೆಯೇ?

ಪ್ಯಾಲೆಸ್ಟೀನ್ ಕುರಿತು ಅಂತರರಾಷ್ಟ್ರೀಯ ನ್ಯಾಯಾಲಯವು 2024ರ ಜುಲೈ 19ರಂದು ನೀಡಿದ ಸಲಹಾ ಅಭಿಪ್ರಾಯದ ಸಾರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ವಾಕ್ಯ ಮುಂದೆ ಹೋಗಲು ಬಿಡುತ್ತಿಲ್ಲ. ಬಲ್ಲವರ ನೆರವು ಬೇಕು.

ಇಸ್ರೇಲ್ ಆಕ್ರಮಿಸಿಕೊಂಡಿರುವ ಪಶ್ಚಿಮ ದಂಡೆ ಮತ್ತು ಪೂರ್ವ ಜೆರುಸಲೇಮಿನಲ್ಲಿ, ಅಲ್ಲಿಗೆ ಬಂದು ನೆಲೆಸಿದ ಯಹೂದಿ ವಲಸಿಗರನ್ನೂ ಪ್ಯಾಲೆಸ್ಟೀನಿಯರನ್ನೂ ಹೆಚ್ಚುಕಡಿಮೆ ಪೂರ್ತಿಯಾಗಿ ಬೇರೆಬೇರೆ ಇರಿಸುವ ಇಸ್ರೇಲಿನ ಕಾನೂನು ಮತ್ತು ಕ್ರಮಗಳು 1965ರ ಜನಾಂಗೀಯ ತಾರತಮ್ಯ ನಿರ್ಮೂಲನಾ ಒಪ್ಪಂದದ 3ನೇ ವಿಧಿಯನ್ನು ಉಲ್ಲಂಘಿಸುತ್ತವೆ ಎಂದು ನ್ಯಾಯಾಲಯ ಹೇಳಿತು. ಆ ವಿಧಿ ಎರಡು ಸಂಗತಿಗಳನ್ನು ಖಂಡಿಸುತ್ತದೆ: ಒಂದು ‘ರೇಶಿಯಲ್ ಸೆಗ್ರಿಗೇಶನ್’, ಅಂದರೆ ಜನಾಂಗದ ಆಧಾರದಲ್ಲಿ ಜನರನ್ನು ಬೇರೆಬೇರೆ ಇರಿಸುವುದು; ಇನ್ನೊಂದು ‘ಅಪಾರ್ಟೈಡ್’, ಅಂದರೆ ಒಂದು ಜನಾಂಗೀಯ ಗುಂಪು ಇನ್ನೊಂದನ್ನು ವ್ಯವಸ್ಥಿತವಾಗಿ ತುಳಿದು ಆಳುವುದು. ಇವೆರಡರಲ್ಲಿ ನಡೆದಿರುವುದು ಯಾವುದು ಎಂಬುದನ್ನು ನ್ಯಾಯಾಲಯ ಬಿಡಿಸಿ ಹೇಳಲಿಲ್ಲ. ಪ್ರತ್ಯೇಕವಾಗಿ ತಮ್ಮ ಅಭಿಪ್ರಾಯ ಬರೆದ ನ್ಯಾಯಾಧೀಶರು ಅದನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅರ್ಥೈಸಿದರು. ನ್ಯಾಯಾಲಯ ಬಿಡಿಸದ ಗಂಟನ್ನು ಅನುವಾದಕ ಬಿಡಿಸುವಂತಿಲ್ಲ. ಆದರೆ ನಮ್ಮಲ್ಲಿ ರೂಢಿಯಲ್ಲಿರುವ ಪದಗಳು ಆ ಕೆಲಸವನ್ನು ತಾವಾಗಿಯೇ ಮಾಡಿಬಿಡುತ್ತವೆ.

ಅಪಾರ್ಟೈಡಿಗೆ ಕನ್ನಡ ಪತ್ರಿಕೆಗಳು ಬಹುಕಾಲದಿಂದ ‘ವರ್ಣಭೇದ ನೀತಿ’ ಎನ್ನುತ್ತ ಬಂದಿವೆ. ಹಿಂದಿಯ ‘ರಂಗಭೇದ’ವೂ ಅದೇ ಜಾಡಿನದು. ದಕ್ಷಿಣ ಆಫ್ರಿಕಾದ ಮಟ್ಟಿಗೆ ಇದರಲ್ಲಿ ಕೊರತೆಯೇನೂ ಇಲ್ಲ. 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಪ್ರತಿಯೊಬ್ಬರನ್ನೂ ಒಂದು ಗುಂಪಿಗೆ ಸೇರಿಸಿ ಬರೆದಿಡುತ್ತಿತ್ತು. ಅನುಮಾನ ಬಂದವರ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಅದು ಜಾರಿ ಬೀಳುತ್ತದೆಯೋ ನಿಲ್ಲುತ್ತದೆಯೋ ಎಂದು ನೋಡುತ್ತಿದ್ದ ಕಾಲ ಅದು. ಎಲ್ಲಿ ವಾಸಿಸಬೇಕು, ಯಾರನ್ನು ಮದುವೆಯಾಗಬೇಕು, ಯಾವ ಬೆಂಚಿನ ಮೇಲೆ ಕೂರಬೇಕು ಎಂಬುದೆಲ್ಲ ಮೈಬಣ್ಣದಿಂದಲೇ ತೀರ್ಮಾನವಾಗುತ್ತಿತ್ತು. ಅಲ್ಲಿಗೆ ‘ವರ್ಣ’ ಎಂಬ ಮಾತು ಹೇಳಿ ಮಾಡಿಸಿದಂತಿದೆ.

ಪಶ್ಚಿಮ ದಂಡೆಯಲ್ಲಿ ಮೈಬಣ್ಣವನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವ ಬಣ್ಣ ಗುರುತಿನ ಚೀಟಿಯ ಹೊದಿಕೆಯದು, ಕಾರಿನ ನಂಬರ್ ಪ್ಲೇಟಿನದು. ಪ್ಯಾಲೆಸ್ಟೀನಿಯರಿಗೆ ಹಸಿರು ಹೊದಿಕೆ, ಇಸ್ರೇಲಿಗಳಿಗೆ ನೀಲಿ. ಇಸ್ರೇಲಿಗಳ ಹಳದಿ ಪ್ಲೇಟಿನ ಕಾರಿಗೆ ತೆರೆದಿರುವ ರಸ್ತೆ ಪ್ಯಾಲೆಸ್ಟೀನಿಯರ ಬಿಳಿ-ಹಸಿರು ಪ್ಲೇಟಿನ ಕಾರಿಗೆ ಹಲವೆಡೆ ಮುಚ್ಚಿರುತ್ತದೆ. ಜೆರುಸಲೇಮಿನ ಈಶಾನ್ಯಕ್ಕೆ 2019ರಲ್ಲಿ ತೆರೆದ 4370ನೇ ಸಂಖ್ಯೆಯ ರಸ್ತೆಯ ನಡುವೆ ಎತ್ತರದ ಗೋಡೆಯೇ ನಿಂತಿದೆ, ಆ ಮಗ್ಗುಲು ಒಬ್ಬರಿಗೆ, ಈ ಮಗ್ಗುಲು ಇನ್ನೊಬ್ಬರಿಗೆ. ಒಂದೇ ಗುಡ್ಡದ ಮೇಲೆ ಅಕ್ಕಪಕ್ಕದಲ್ಲಿರುವ ಇಬ್ಬರು ಹುಡುಗರು ಕಲ್ಲು ಎಸೆದು ಸಿಕ್ಕಿಬಿದ್ದರು ಎನ್ನಿ. ಪ್ಯಾಲೆಸ್ಟೀನಿನವನು ಸೇನಾ ನ್ಯಾಯಾಲಯದಲ್ಲಿ ನಿಲ್ಲುತ್ತಾನೆ, ವಲಸಿಗರ ಮಗ ಇಸ್ರೇಲಿನ ನಾಗರಿಕ ನ್ಯಾಯಾಲಯದಲ್ಲಿ. ಅವರಿಬ್ಬರ ಮೈಬಣ್ಣ ಒಂದೇ ಇದ್ದೀತು.

ಹೀಗಿರುವಾಗ ‘ಇಸ್ರೇಲಿನ ವರ್ಣಭೇದ ನೀತಿ’ ಎಂದು ಬರೆದ ಕೂಡಲೇ ಓದುಗ, ‘ಅಲ್ಲಿ ಕರಿಯರು ಬಿಳಿಯರು ಎಲ್ಲಿದ್ದಾರೆ?’ ಎಂದು ಕೇಳುತ್ತಾನೆ. ಆರೋಪ ಏನೆಂದು ತಿಳಿಯುವ ಮೊದಲೇ ಅದು ಬಿದ್ದುಹೋಗುತ್ತದೆ. ಮತ್ತೊಬ್ಬ ಓದುಗ ಅದೇ ಪದ ಹಿಡಿದುಕೊಂಡು, ಟೆಲ್ ಅವೀವಿನ ಬಸ್ಸಿನಲ್ಲೂ ಅರಬ್ಬರಿಗೆ ಬೇರೆ ಸೀಟು ಎಂದುಕೊಳ್ಳುತ್ತಾನೆ. ಅದೂ ನಿಜವಲ್ಲ. ಇಸ್ರೇಲಿನ ಜನಸಂಖ್ಯೆಯ ಸುಮಾರು ಐದನೇ ಒಂದರಷ್ಟಿರುವ ಅರಬ್ಬರಲ್ಲಿ ಬಹುಪಾಲು ಜನರಿಗೆ ಮತದಾನದ ಹಕ್ಕಿದೆ, ಸಂಸತ್ತಿನಲ್ಲೂ ಅವರ ಪ್ರತಿನಿಧಿಗಳು ಕೂರುತ್ತಾರೆ. 2021ರ ಸಮ್ಮಿಶ್ರ ಸರ್ಕಾರದಲ್ಲಿ ಮನ್ಸೂರ್ ಅಬ್ಬಾಸರ ಅರಬ್ ಪಕ್ಷವೂ ಇತ್ತು. ಅಪಾರ್ಟೈಡ್ ಎಂಬ ಮಾತನ್ನು ಇಸ್ರೇಲ್ ತಳ್ಳಿಹಾಕುವಾಗ ಮುಂದಿಡುವ ಮೊದಲ ವಾದ ಇದು; ಇದು ಎರಡು ರಾಷ್ಟ್ರಗಳ ನೆಲದ ಜಗಳ, ಪಶ್ಚಿಮ ದಂಡೆಯ ಉದ್ದಕ್ಕೂ ತಾನು ಕಟ್ಟಿರುವ ಗೋಡೆ ಇರುವುದು ಭದ್ರತೆಗೆ ಎಂಬುದು ಎರಡನೆಯದು. ಆರೋಪ ಮಾಡುವವರಲ್ಲೂ ಒಮ್ಮತವಿಲ್ಲ. ಇಸ್ರೇಲಿನವೇ ಆದ ಮಾನವ ಹಕ್ಕು ಸಂಘಟನೆಗಳಲ್ಲಿ ಯೆಶ್ ದಿನ್ 2020ರಲ್ಲಿ ಈ ಮಾತನ್ನು ಪಶ್ಚಿಮ ದಂಡೆಗೆ ಸೀಮಿತಗೊಳಿಸಿತು. ಬೆತ್ಸೆಲೆಮ್ 2021ರಲ್ಲಿ ಜೋರ್ಡಾನ್ ನದಿಯಿಂದ ಸಮುದ್ರದವರೆಗಿನ ಇಡೀ ನೆಲಕ್ಕೆ ಅನ್ವಯಿಸಿತು.

ಯಾರ ವಾದ ಗಟ್ಟಿ ಎಂಬುದು ಇಲ್ಲಿನ ಚರ್ಚೆಯಲ್ಲ. (ನನಗೊಂದು ನಿಲುವಿದೆ, ಪಶ್ಚಿಮ ದಂಡೆಯ ಮಟ್ಟಿಗೆ ಆರೋಪ ನಿಲ್ಲುತ್ತದೆ ಎನ್ನುವುದು.) ಪ್ರಶ್ನೆ ಇಷ್ಟು: ಕಾನೂನಿನ ಅಪಾರ್ಟೈಡಿಗೆ ಮೈಬಣ್ಣ ಬೇಕಾಗಿಲ್ಲ. 1973ರ ಅಪಾರ್ಟೈಡ್ ವಿರೋಧಿ ಒಪ್ಪಂದ ಆಫ್ರಿಕಾದ ದಕ್ಷಿಣ ಭಾಗದ ಪದ್ಧತಿಗಳನ್ನು ಹೆಸರಿಸಿತ್ತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ 1998ರ ರೋಮ್ ಶಾಸನಕ್ಕೆ ಬರುವ ಹೊತ್ತಿಗೆ ಆ ಹೆಸರು ಬಿಟ್ಟುಹೋಗಿ, ಒಂದು ಜನಾಂಗೀಯ ಗುಂಪು ಇನ್ನೊಂದನ್ನು ವ್ಯವಸ್ಥಿತವಾಗಿ ತುಳಿದು ಆಳುವ ಆಡಳಿತ, ಅದನ್ನು ಹಾಗೆಯೇ ಉಳಿಸಿಕೊಳ್ಳುವ ಉದ್ದೇಶ, ಇಷ್ಟೇ ಉಳಿಯಿತು. ಜನಾಂಗೀಯ ತಾರತಮ್ಯ ಎಂದರೆ ಬಣ್ಣವಷ್ಟೇ ಅಲ್ಲ, ವಂಶ, ರಾಷ್ಟ್ರೀಯ ಮೂಲಗಳೂ ಸೇರುತ್ತವೆ ಎಂದು 1965ರ ಒಪ್ಪಂದವೇ ಹೇಳಿದೆ.

ಹಾಗಾದರೆ ಕನ್ನಡದಲ್ಲಿ ಏನೆನ್ನುವುದು? ‘ಜನಾಂಗೀಯ ಪ್ರತ್ಯೇಕತೆ’ ಎಂದರೆ 3ನೇ ವಿಧಿಯ ಮೊದಲ ಪದಕ್ಕೆ ಏನೂ ಉಳಿಯುವುದಿಲ್ಲ, ಎರಡೂ ಒಂದೇ ಆಗಿಬಿಡುತ್ತವೆ. ‘ಪ್ರತ್ಯೇಕತಾ ನೀತಿ’ ಇನ್ನೂ ಅಪಾಯ: ಪ್ರತ್ಯೇಕತಾವಾದಿ ಎಂದರೆ ನಮ್ಮಲ್ಲಿ ಬೇರೆ ದೇಶ ಕೇಳುವವನು, ಆರೋಪ ಪ್ಯಾಲೆಸ್ಟೀನಿಯರ ಮೇಲೆಯೇ ತಿರುಗುತ್ತದೆ. ‘ವಿಂಗಡಣೆ’ ಎಂದು ಗೆಳೆಯರೊಬ್ಬರು ಸೂಚಿಸಿದರು. ಬೆಂಗಳೂರಿನಲ್ಲಿ ಆ ಪದ ಹಸಿ ಕಸ, ಒಣ ಕಸದ ಪಾಲಾಗಿ ಎಷ್ಟೋ ಕಾಲವಾಯಿತು. ಹೀಬ್ರೂವಿನಲ್ಲಿ ಪಶ್ಚಿಮ ದಂಡೆಯ ಆ ಗೋಡೆಗೆ ‘ಹಫ್ರದಾ’ ಬೇಲಿ, ಅಂದರೆ ಬೇರ್ಪಡಿಸುವ ಬೇಲಿ ಎನ್ನುವುದುಂಟು. ಅಪಾರ್ಟೈಡ್ ಎನ್ನಬೇಕಾದಲ್ಲಿ ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯ ಈ ಪದವನ್ನೇ ಬಳಸುತ್ತಾರೆ. ಅರಬ್ಬಿಯಲ್ಲಿ ಅಪಾರ್ಟೈಡಿಗೆ ಹೇಳುವ ‘ಅಲ್-ಫಸ್ಲ್ ಅಲ್-ಉನ್ಸುರಿ’ ಆ ಗೋಡೆಯ ಹೆಸರಿನಲ್ಲೇ ಸೇರಿಕೊಂಡಿದೆ.

ನನ್ನ ಒಲವು ಹೀಗಿದೆ. ದಕ್ಷಿಣ ಆಫ್ರಿಕಾದ ಇತಿಹಾಸಕ್ಕೆ ‘ವರ್ಣಭೇದ ನೀತಿ’ ಇರಲಿ; ಕಾನೂನಿನಲ್ಲಿ ಅಪರಾಧದ ಹೆಸರಾಗಿ ಬಂದಾಗ ‘ಅಪಾರ್ಟೈಡ್’ ಎಂದೇ ಬರೆಯೋಣ. ಭಾರತದ ಸಂಸತ್ತು 1973ರ ಒಪ್ಪಂದವನ್ನು ಜಾರಿಗೆ ತರಲು 1981ರಲ್ಲಿ ಮಾಡಿದ ಕಾಯ್ದೆಯ ಹೆಸರಿನಲ್ಲೂ ಆ ಪದವೇ ಇದೆ. ಒಂದು ಕೋರಿಕೆ: ಕೆಲವರು ಬರೆಯುವಂತೆ ‘ಅಪಾರ್ಥೈಡ್’ ಬೇಡ. ಅದನ್ನು ನೋಡಿದರೆ ಅಪಾರ್ಥವೇ ಮೊದಲು ಕಣ್ಣಿಗೆ ಬೀಳುತ್ತದೆ. ಮೂಲದ ಉಚ್ಚಾರ ‘ಅಪಾರ್ಟ್‌ಹೇಟ್’ಗೆ ಹತ್ತಿರ, ಮಹಾಪ್ರಾಣ ಥಕಾರಕ್ಕೆ ಅಲ್ಲಿ ಜಾಗವಿಲ್ಲ.

ಸದ್ಯಕ್ಕೆ ನನ್ನ ವಾಕ್ಯ ಹೀಗೆ ನಿಂತಿದೆ: ‘ಜನಾಂಗೀಯ ಬೇರ್ಪಡಿಕೆ ಮತ್ತು ಅಪಾರ್ಟೈಡನ್ನು ಖಂಡಿಸುವ 3ನೇ ವಿಧಿಯನ್ನು ಇಸ್ರೇಲ್ ಉಲ್ಲಂಘಿಸಿದೆ.’ ‘ಬೇರ್ಪಡಿಕೆ’ ತೀರ ಸಪ್ಪೆಯಾಯಿತೇ? ಬಲವಂತದ ಛಾಯೆಯಿರುವ, ಆದರೆ ಅಪಾರ್ಟೈಡಿನ ಹಂತ ಮುಟ್ಟದ ಪದವೊಂದು ನ್ಯಾಯಾಂಗದ ಕನ್ನಡದಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.